ಬಾಗಿಲಿಲ್ಲದ ಕಿಟಕಿ, ಎಣ್ಣೆ ಹತ್ತಿದ ಮೈಕಾ

ಬೆಳಗಿನ ಏಳು ಗಂಟೆ. ಅಮ್ಮತ್ತಿ ಪೇಟೆಯ ಅಂಗಡಿಗಳ ಶಟರ್‌ಗಳು ಇನ್ನೂ ಮೇಲೆದ್ದಿಲ್ಲ. ಮೋಟಾರ್ ರೀವೈಂಡಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿಯ ಎದುರು ಉಷಾರಾಣಿ ನಿಂತಿದ್ದಾರೆ. ಅಂಗೈಯಗಲದ ಒಂದು ಮೈಕಾ ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಓರೆ ಮಾಡುತ್ತಾರೆ. ಆಮೇಲೆ, ಯಾಕೋ ಅನುಮಾನ ಬಂದು, ಮೂಸುತ್ತಾರೆ. ಮತ್ತೊಂದನ್ನು ಎತ್ತಿ ಅದನ್ನೂ ಮೂಸುತ್ತಾರೆ.

"ದೋಸೆ ವಾಸನೆ," ಎನ್ನುತ್ತಾರೆ. "ನನ್ನ ಮೈಕಾಗೆ ದೋಸೆ ವಾಸನೆ ಎಲ್ಲಿಂದ ಬಂತಮ್ಮಾ?"

ಉತ್ತರ ಪಕ್ಕದ ಬಾಗಿಲಲ್ಲೇ ನಿಂತಿದೆ, ಕೈಯಲ್ಲಿ ಎರಡು ಲೋಟ ಕಾಫಿ ಹಿಡಿದುಕೊಂಡು. ಪಕ್ಕದ ಕ್ಯಾಂಟೀನಿನ ಪ್ರೇಮಾವತಿ. ನಿನ್ನೆ ಸಂಜೆ ಅಂಗಡಿಯವರೆಲ್ಲ ಮನೆಗೆ ಹೋದ ಮೇಲೆ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಈ ಕಿಟಕಿಗೆ ಬಾಗಿಲಿಲ್ಲ. ಇರಚಲು ಹೊಡೆದು ಮೇಜಿನ ಮೇಲಿನ ಹಾಳೆಗಳು ನೆನೆಯುವುದನ್ನು ಕಂಡ ಪ್ರೇಮಾವತಿ, ಕೀಲಿ ತಮ್ಮಲ್ಲೇ ಇರುತ್ತದಲ್ಲ, ಒಳಗೆ ಬಂದು ಎಲ್ಲವನ್ನೂ ಎತ್ತಿದ್ದಾರೆ. ಒಂದೊಂದನ್ನೂ ಒರೆಸಿ, ಅಂಚಿಗೆ ಅಂಚು ಸೇರಿಸಿ, ಒಂದೇ ಕಟ್ಟು ಮಾಡಿ ಇಟ್ಟಿದ್ದಾರೆ.

"ಯಾವ ಬಟ್ಟೇಲಿ ಒರೆಸಿದ್ರಿ ಅಕ್ಕಾ?"

"ಕೈಯಲ್ಲಿ ಇದ್ದದ್ದು. ದೋಸೆ ಕಾವಲಿ ಒರೆಸುವ ಬಟ್ಟೆ. ಒಗೆದದ್ದೇ ಮಾರಾಯ್ತಿ!"

ಉಷಾರಾಣಿ ಹಾಳೆಯನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಹಣೆ ಹಿಡಿದುಕೊಳ್ಳುತ್ತಾರೆ. ಆ ಮೇಜಿನ ಮೇಲೆ ನಿನ್ನೆಯವರೆಗೂ ಇದ್ದದ್ದು ಎರಡು ರಾಶಿ. ಎಡಗಡೆ ಆರಿಸಿದ್ದು, ಬಲಗಡೆ ಬೇಡವಾದದ್ದು. ಈಗ ಒಂದೇ ರಾಶಿ. ಅದೂ ಎಣ್ಣೆ ಹತ್ತಿ ಫಳಫಳ ಹೊಳೆಯುತ್ತಿದೆ.

ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಎಂದು ಕರೆಯುವ ಅಭ್ರಕವೇ ಈ ಮೈಕಾ. ಇಸ್ತ್ರಿ ಪೆಟ್ಟಿಗೆಯಲ್ಲಿ, ಒಲೆಯಲ್ಲಿ, ಕಾಫಿ ಒಣಗಿಸುವ ಯಂತ್ರದ ಹೀಟರ್‌ನಲ್ಲಿ ಒಂದು ತಂತಿ ಕೆಂಪಗೆ ಕಾಯುತ್ತದೆ. ಅದರೊಳಗೆ ಕರೆಂಟು ಹರಿಯುತ್ತಿರುತ್ತದೆ, ಸುತ್ತ ತಗಡಿನ ಕವಚವಿರುತ್ತದೆ. ತಂತಿಗೂ ತಗಡಿಗೂ ನಡುವೆ ನಿಲ್ಲುವುದು ಈ ತೆಳು ಹಾಳೆ ಮಾತ್ರ. ಅದು ಬೆಂಕಿಗೆ ಸುಡುವುದಿಲ್ಲ, ಕರೆಂಟನ್ನು ದಾಟಲು ಬಿಡುವುದಿಲ್ಲ. ಆದರೆ ಹಾಳೆಯೊಳಗೆ ಕಬ್ಬಿಣದ ಚುಕ್ಕೆಯಿದ್ದರೆ, ಪದರದ ನಡುವೆ ಗಾಳಿ ಸೇರಿದ್ದರೆ, ಕೂದಲೆಳೆಯ ಬಿರುಕಿದ್ದರೆ ಕರೆಂಟಿಗೆ ದಾರಿ ಸಿಗುತ್ತದೆ. ಎಣ್ಣೆಯ ಪಸೆ ಕಾದು ಕರಿಯಾದರೂ ಅಷ್ಟೇ. ಆಮೇಲೆ ತಗಡು ಮುಟ್ಟಿದವರ ಗತಿ ದೇವರೇ ಬಲ್ಲ.

ಅಂಥ ಹಾಳೆಗಳನ್ನು ಆರಿಸಿ ತೆಗೆಯುವುದು ಉಷಾರಾಣಿಯವರ ಕೆಲಸ. ಅವರ ತಾತನ ಕಾಲದಲ್ಲಿ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ಒಕ್ಕಲು ಮನೆತನ ಅದು. ಜೀಪು ಓಡಿಸುವ ದೇವರಾಜು ಅವರನ್ನು ಮದುವೆಯಾಗಿ ಅಮ್ಮತ್ತಿಗೆ ಬಂದರು. ಮೊದಲು ಈ ಅಂಗಡಿಗೆ ಕಸ ಗುಡಿಸಲು ಬರುತ್ತಿದ್ದವರು, ಗುಡಿಸಿದ ಕಸದಲ್ಲಿ ಒಳ್ಳೆಯ ಮೈಕಾ ಚೂರುಗಳಿರುವುದನ್ನು ತೋರಿಸಿ ಮಾಲೀಕರೊಂದಿಗೆ ಜಗಳವಾಡಿದರಂತೆ. "ಅವತ್ತಿಂದ ಜಗಳ ನಿಂತಿಲ್ಲ," ಎಂದು ತಾವೇ ನಗುತ್ತಾರೆ.

ಆರಿಸುವುದಕ್ಕೆ ಬೆಳಗಿನ ಓರೆ ಬೆಳಕೇ ಬೇಕು. ಟ್ಯೂಬ್‌ಲೈಟಿನಲ್ಲಿ ಎಲ್ಲ ಹಾಳೆಯೂ ಚೆನ್ನಾಗಿಯೇ ಕಾಣುತ್ತದೆ. ಸೂರ್ಯ ಕೆಳಗಿರುವಾಗ ಹಾಳೆಯನ್ನು ವಾರೆಯಾಗಿ ಹಿಡಿದರೆ ಒಳಗಿನ ಗಾಳಿ ಬೆಳ್ಳಗೆ ಮಿಂಚುತ್ತದೆ, ಕಬ್ಬಿಣದ ಚುಕ್ಕೆ ಕಪ್ಪಗೆ ನಿಲ್ಲುತ್ತದೆ. ಕಣ್ಣಿಗೆ ಒಪ್ಪಿದ್ದನ್ನು ಕಿವಿಯ ಹತ್ತಿರ ತಂದು ಉಗುರಿನಿಂದ ತಟ್ಟುತ್ತಾರೆ. ಗಟ್ಟಿ ಹಾಳೆ ಟಿಣ್ ಎನ್ನುತ್ತದೆ, ಪದರ ಬಿಟ್ಟದ್ದು ಒಣ ಎಲೆಯಂತೆ ಸರಸರ ಎನ್ನುತ್ತದೆ. ಹೆಚ್ಚು ಕಾಯುವ ಹೀಟರಿಗೆ ಜೇನು ಬಣ್ಣದ್ದು, ಇಸ್ತ್ರಿ ಪೆಟ್ಟಿಗೆಗೆ ತಿಳಿ ಬಣ್ಣದ್ದು. ನೂರು ಹಾಳೆ ಬಂದರೆ ಮೂವತ್ತು ಒಪ್ಪಿಗೆಯಾದರೆ ಹೆಚ್ಚು.

"ಕಿಟಕಿಗೆ ಗಾಜು ಹಾಕಿಸ್ತೀನಿ ಅಂದ್ರು ಮಾಲೀಕರು. ಗಾಜು ಬೇಡ, ಬೆಳಕು ಕೆಡ್ತದೆ, ಮರದ ಬಾಗಿಲು ಮಾಡ್ಸಿ ಅಂದೆ. ಹ್ಞೂಂ ಅಂದ್ರು. ಹ್ಞೂಂ ಅಂದು ಎರಡು ಮಳೆಗಾಲ ಆಯ್ತು. ಕೊನೆಗೆ ಒಂದು ಹರಿದ ಬ್ಯಾನರ್ ಕಟ್ಟಿದ್ರು. ಅದು ಗಾಳಿಗೆ ಹಾರಿ ಹೋಗಿ ಯಾರ ಕಾಫಿ ತೋಟದಲ್ಲಿ ಬಿದ್ದಿದೆಯೋ!"

ಈ ಮಾತು ಮುಗಿಯುವ ಹೊತ್ತಿಗೆ ಬಿಟ್ಟಂಗಾಲದಿಂದ ಜೀಪು ಬಂದಿದೆ. ಇಳಿದವರು ಕೆಂಚ, ಬೋಜಮ್ಮ ಅವರ ತೋಟದಲ್ಲಿ ಕಾಫಿ ಒಣಗಿಸುವವರು. ಜನವರಿಯಲ್ಲಿ ಮಳೆ ಬರಬಾರದು, ಕಣದ ತುಂಬ ಕಾಫಿ ಹರಡಿರುವ ತಿಂಗಳಿದು. ಪಲ್ಪ್ ಮಾಡಿ ಸಿಪ್ಪೆ ತೆಗೆದು ತೊಳೆದ ಕಾಫಿಯನ್ನೆಲ್ಲ ನಿನ್ನೆ ಬಾಚಿ ಶೆಡ್ಡಿಗೆ ತುಂಬಿದ್ದಾರೆ. ರಾಶಿಯೊಳಗೆ ಕೈ ಹಾಕಿದರೆ ಬೆಚ್ಚಗಾಗುತ್ತಿದೆಯಂತೆ. ಇವತ್ತು ಯಂತ್ರದ ತಟ್ಟೆಗಳಿಗೆ ಏರದಿದ್ದರೆ ಹುಳಿ ವಾಸನೆ ಹಿಡಿಯುತ್ತದೆ, ವರ್ಷದ ಬೆಳೆ ಹೋದ ಹಾಗೆಯೇ. ಯಂತ್ರದ ನಾಲ್ಕು ಹೀಟರ್‌ಗಳು ಸುಟ್ಟು ಇಲ್ಲಿಗೆ ಬಂದಿವೆ. ಇವತ್ತು ಬೆಳಿಗ್ಗೆ ಕೊಡುವುದಾಗಿ ಉಷಾರಾಣಿ ಮಾತು ಕೊಟ್ಟಿದ್ದಾರೆ.

"ಆಯ್ತಾ ಅಕ್ಕಾ? ಅಮ್ಮ ದಾರೀಲೇ ಎರಡು ಸಲ ಫೋನು ಮಾಡ್ತು."

"ಆಗಿತ್ತು ಕೆಂಚಣ್ಣ. ತಂತಿ ಸುತ್ತೋದಷ್ಟೇ ಬಾಕಿ ಇತ್ತು. ಪ್ರೇಮಕ್ಕ ಸಹಾಯ ಮಾಡಿದ್ರು, ಈಗ ಮೊದಲಿಂದ ಆಗಬೇಕು."

ಕೆಂಚ ಬೆಂಚಿನ ಮೇಲೆ ಕೂರುತ್ತಾರೆ. ಮೊಣಕಾಲ ಮೇಲಿಟ್ಟ ಅವರ ಬಲಗೈಯ ಎರಡು ಬೆರಳು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಹೋದ ವರ್ಷ ಉಷಾರಾಣಿ ತಂಗಿಯ ಮದುವೆಗೆ ರಜೆ ಹಾಕಿದ್ದಾಗ ಅವಸರಕ್ಕೆ ಇಲ್ಲಿಂದ ಒಂದು ಹೀಟರ್ ತೋಟಕ್ಕೆ ಹೋಗಿತ್ತು. ಬಲಗಡೆಯ ಬೇಡವಾದ ರಾಶಿಯ ಹಾಳೆಯನ್ನು ಅದಕ್ಕೆ ಹಾಕಿದವರು ಮಾಲೀಕ ಶಿವಪ್ರಕಾಶ್. ಒದ್ದೆ ಕೈಯಲ್ಲಿ ತಟ್ಟೆ ಎಳೆದು ಶಾಕ್ ಹೊಡೆಸಿಕೊಂಡವರು ಕೆಂಚ. ಆಸ್ಪತ್ರೆಯಲ್ಲಿ ಶಿವಪ್ರಕಾಶ್ ಹಗಲೂ ರಾತ್ರಿ ಪಕ್ಕದಲ್ಲೇ ಕೂತಿದ್ದರು, ತಾವೇ ಊಟ ತಿನ್ನಿಸುತ್ತಿದ್ದರು ಎಂದು ಕೆಂಚ ಹೇಳುತ್ತಾರೆ. ಆ ಮಾತು ಬಂದಾಗ ಉಷಾರಾಣಿ ಮಾತ್ರ ಬೇರೆ ಕಡೆ ನೋಡುತ್ತಾರೆ.

ಪ್ರೇಮಾವತಿ ಕಾಫಿ ಇಟ್ಟು ಹೋದವರು ಮರಳಿ ಬಂದಿದ್ದಾರೆ. ತಮ್ಮ ಹತ್ತಿ ಸೀರೆಯೊಂದನ್ನು ಹರಿದು ತಂದಿದ್ದಾರೆ.

"ಇದಕ್ಕೆ ಎಣ್ಣೆ ತಾಗಿಲ್ಲೆ, ಸತ್ಯ. ಎಂಥದರಲ್ಲಿ ಒರೆಸಬೇಕು ಹೇಳು."

"ಅಯ್ಯೋ, ಸೀರೆ ಯಾಕೆ ಹರಿದ್ರಿ ಅಕ್ಕಾ! ನಿಮ್ಮನ್ನ ಬೈಯೋದಕ್ಕೂ ಬಿಡಲ್ವಲ್ಲ ನೀವು." ಉಷಾರಾಣಿ ಸ್ಪಿರಿಟ್ ಬಾಟಲಿ ಅವರ ಮುಂದೆ ದೂಡುತ್ತಾರೆ. "ನಾನು ಕೊಟ್ಟದ್ದನ್ನ ಮಾತ್ರ ಒರೆಸಿ. ಒರೆಸಿ ನನ್ನ ಕೈಗೇ ಕೊಡಿ. ಎಲ್ಲೂ ಜೋಡಿಸ್ಬೇಡಿ. ಚೆಂದ ಮಾಡ್ಬೇಡಿ!"

ಹೀಗೆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಒಂದು ಹೀಟರಿಗೆ ಮೂರು ಹಾಳೆ. ನಡುವಿನದಕ್ಕೆ ತಂತಿ ಸುತ್ತಬೇಕು, ಮೇಲೊಂದು ಕೆಳಗೊಂದು ಮುಚ್ಚಬೇಕು. ಉಷಾರಾಣಿ ಒಂದನ್ನು ಹಿಡಿದು ನೋಡುತ್ತಾರೆ, ತಟ್ಟುತ್ತಾರೆ, ಬಲಕ್ಕೆ ಎಸೆಯುತ್ತಾರೆ. ಇನ್ನೊಂದನ್ನೂ ಎಸೆಯುತ್ತಾರೆ. ಮೂರನೆಯದು ಪ್ರೇಮಾವತಿಯ ಕೈಗೆ ಹೋಗುತ್ತದೆ. ನಡುನಡುವೆ ಬೋಜಮ್ಮ ಅವರ ಫೋನು ಬರುತ್ತಲೇ ಇದೆ. "ಮಾಡ್ತಾ ಇದೀನಿ ಅಮ್ಮಾ. ನೀವು ಫೋನ್ ಇಟ್ರೆ ಬೇಗ ಆಗ್ತದೆ."

ಎಂಟರ ಹೊತ್ತಿಗೆ ಶಿವಪ್ರಕಾಶ್ ಬರುತ್ತಾರೆ. ಮೇಜಿನ ಮೇಲಿನ ಹೊಳೆಯುವ ರಾಶಿ ನೋಡಿ ಮುಖ ಅರಳುತ್ತದೆ. "ಈ ಸಲದ ಮಾಲು ಚೆನ್ನಾಗಿದೆಯಲ್ಲ ಉಷಾ!"

"ಚೆನ್ನಾಗಿದೆ ಸಾರ್, ಚಟ್ನಿ ಇದ್ರೆ ತಿನ್ನಬಹುದು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಅರ್ಥವಾದ ಮೇಲೆ ಪ್ರೇಮಾವತಿಯನ್ನು ನೋಡುತ್ತಾರೆ, ಕಿಟಕಿಯನ್ನು ನೋಡುತ್ತಾರೆ, ಸ್ಟೂಲು ಎಳೆದುಕೊಂಡು ತಂತಿ ಸುತ್ತಲು ಕೂರುತ್ತಾರೆ.

ಮೂರು ಹೀಟರಿಗಾಗುವಷ್ಟು ಹಾಳೆ ಸಿಕ್ಕಿದಾಗ ಮೋಡ ಮತ್ತೆ ಕವಿಯುತ್ತದೆ. ಕಿಟಕಿಯ ಬೆಳಕು ಬೂದಿಯಂತಾಗುತ್ತದೆ. ಉಷಾರಾಣಿ ಕೈಯಲ್ಲಿದ್ದ ಹಾಳೆಯನ್ನು ಎಷ್ಟು ಓರೆ ಮಾಡಿದರೂ ಏನೂ ಕಾಣುವುದಿಲ್ಲ. ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಿ, ಬೈದುಕೊಳ್ಳುತ್ತ ಒಳಗೆ ಬರುತ್ತಾರೆ.

"ಇಷ್ಟೇ ಸಾರ್. ಮೂರು."

"ನಾಲ್ಕನೇದಕ್ಕೆ ಇದ್ದಿದ್ದರಲ್ಲೇ ಒಂದು ಸೆಟ್ಟು ನೋಡಿ ಹಾಕೋಣ ಉಷಾ. ಅಲ್ಲಿ ಕಾಫಿ ಕೆಡ್ತಾ ಇದೆ. ಕರೆಂಟು ಸೋರ್ತದಾ ಅಂತ ಮೆಗ್ಗರಲ್ಲಿ ಪರೀಕ್ಷೆ ಮಾಡೇ ಕಳಿಸ್ತೀವಲ್ಲ."

"ಹೋದ್ ವರ್ಷದ್ದೂ ಮೆಗ್ಗರಲ್ಲಿ ಪಾಸಾಗಿತ್ತು ಸಾರ್. ತಣ್ಣಗಿದ್ದಾಗ ಎಲ್ಲ ಪಾಸಾಗ್ತವೆ."

ಪ್ರೇಮಾವತಿ ಒರೆಸುವುದನ್ನು ನಿಲ್ಲಿಸಿದ್ದಾರೆ. ಆಗ ಕೆಂಚ ಬೆಂಚಿನಿಂದಲೇ ಹೇಳುತ್ತಾರೆ, "ಮೂರೇ ಕೊಡಿ ಸಾರ್. ನಿಧಾನ ಒಣಗ್ತದೆ ಅಷ್ಟೆ. ತಟ್ಟೆಗೆ ತೆಳ್ಳಗೆ ಹಾಕ್ತೀನಿ, ಕೂತು ತಿರುವ್ತಾ ಇರ್ತೀನಿ. ನಿದ್ದೆ ಕೆಟ್ರೆ ನಾಳೆ ಬರ್ತದೆ."

ಶಿವಪ್ರಕಾಶ್ ಫೋನು ತೆಗೆದುಕೊಂಡು ಹೊರಗೆ ಹೋಗುತ್ತಾರೆ. ಬೋಜಮ್ಮ ಅವರ ಗದರಿಕೆ ಒಳಗಿನವರೆಗೂ ಕೇಳುತ್ತದೆ. ಶಿವಪ್ರಕಾಶ್ ಒಂದೂ ನೆಪ ಹೇಳುವುದಿಲ್ಲ. "ತಪ್ಪು ನನ್ನದೇ ಆಂಟಿ, ಕಿಟಕಿ ಸರಿ ಮಾಡಿಸಲಿಲ್ಲ," ಎನ್ನುತ್ತಾರೆ. ಪ್ರೇಮಾವತಿಯ ಹೆಸರು ಎತ್ತುವುದಿಲ್ಲ. ಮಾತು ಮುಗಿಸಿ ಒಳಗೆ ಬಂದು, ನಾಲ್ಕನೆಯದರ ಖಾಲಿ ತಗಡನ್ನು ಎತ್ತಿ ಕಪಾಟಿನಲ್ಲಿಡುತ್ತಾರೆ.

ಕೊನೆಗೊಂದು ಕೆಲಸವಿದೆ. ಮೂರೂ ಹೀಟರ್‌ಗಳನ್ನು ಕಾಯಿಸಿ, ಬಿಸಿಯಿದ್ದಾಗಲೇ ಮೆಗ್ಗರಿನಲ್ಲಿ ನೋಡಿ, ಆರಲು ಬಿಟ್ಟಾಗಿದೆ. ಈಗ ಮತ್ತೆ ಒಂದೊಂದಕ್ಕೂ ಕರೆಂಟು ಕೊಟ್ಟು, ತಗಡು ಇನ್ನೂ ಬಿಸಿಯಾಗುವ ಮೊದಲು ಉಷಾರಾಣಿ ತಮ್ಮ ಹಿಂಗೈಯನ್ನು ಅದರ ಮೇಲಿಡುತ್ತಾರೆ. ಹಿಂಗೈಯೇ ಯಾಕೆಂದರೆ ಶಾಕ್ ಹೊಡೆದರೆ ಕೈ ತಾನಾಗಿ ಮಡಚಿಕೊಂಡು ದೂರ ಸರಿಯುತ್ತದೆ, ಅಂಗೈಯಾದರೆ ಹಿಡಿದುಬಿಡುತ್ತದೆ. ಇದು ಯಾವ ನಿಯಮದಲ್ಲೂ ಇಲ್ಲದ ಹುಚ್ಚು ಎಂದು ಶಿವಪ್ರಕಾಶ್ ದಿನಾ ಬೈಯುತ್ತಾರೆ. ಇವತ್ತೂ ಬೈಯುತ್ತಾರೆ, ಬೈಯುತ್ತಲೇ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾಯುತ್ತಾರೆ.

ಮೂರನೆಯದಕ್ಕೆ ಕೆಂಚ ಎದ್ದು ಬರುತ್ತಾರೆ. "ನಾನೂ ನೋಡ್ಲಾ ಅಕ್ಕಾ?"

"ನಾನು ಇಟ್ಟ ಮೇಲೆ."

ಅವರ ಕೈಯ ಪಕ್ಕದಲ್ಲಿ ಕೆಂಚ ತಮ್ಮ ಬಲಗೈಯನ್ನೇ ಮಗುಚಿ ಇಡುತ್ತಾರೆ, ಮಡಚಿಕೊಂಡ ಎರಡು ಬೆರಳಿನ ಸಮೇತ. ಸ್ವಲ್ಪ ಹೊತ್ತು ಎರಡೂ ಕೈಗಳು ತಗಡಿನ ಮೇಲಿರುತ್ತವೆ. ಬಿಸಿಯೇರತೊಡಗಿದಾಗ ಇಬ್ಬರೂ ಒಟ್ಟಿಗೇ ತೆಗೆಯುತ್ತಾರೆ. ಕೆಂಚ ಹೀಟರ್‌ಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಜೀಪು ಹತ್ತುತ್ತಾರೆ. ಪ್ರೇಮಾವತಿ ಓಡಿಹೋಗಿ ರಾತ್ರಿಗಿರಲಿ ಎಂದು ದೋಸೆಯ ಪೊಟ್ಟಣವೊಂದನ್ನು ಅವರ ಮಡಿಲಿಗೆ ಹಾಕುತ್ತಾರೆ.

"ಅದನ್ನ ಹೀಟರಿಗೆ ತಾಗಿಸ್ಬೇಡಿ ಕೆಂಚಣ್ಣ!" ಎಂದು ಉಷಾರಾಣಿ ಒಳಗಿನಿಂದಲೇ ಕೂಗುತ್ತಾರೆ.

ಮೇಜಿನ ಮೇಲೆ ಇನ್ನೂ ಅರ್ಧ ರಾಶಿ ಎಣ್ಣೆಯಲ್ಲಿ ಹೊಳೆಯುತ್ತಿದೆ. ಸಂಬಳ ಜಾಸ್ತಿಯಾಗಲಿ, ಸನ್ಮಾನವಾಗಲಿ ಎಂಬ ಆಸೆ ಅವರಿಗೆ ಇದ್ದಂತಿಲ್ಲ. ಕಿಟಕಿಗೆ ಒಂದು ಮರದ ಬಾಗಿಲು, ಅಷ್ಟು ಸಾಕಂತೆ. ಪ್ರೇಮಕ್ಕನಿಗೆ ಹೇಳಿಕೊಟ್ಟರೆ ಒರೆಸುವುದಕ್ಕಾದರೂ ಆಗುತ್ತಾರೆ, ಕೈ ಹಗುರ ಇದೆ ಎಂದೂ ಸೇರಿಸುತ್ತಾರೆ.

ಕರೆಂಟು ಹರಿಯುವಾಗ ಕೈಯಿಡಲು ಹೆದರಿಕೆಯಾಗುವುದಿಲ್ಲವೇ ಎಂದು ನಾನು ಕೇಳಿದರೆ, ಇಂಥ ಪ್ರಶ್ನೆಯೂ ಒಂದು ಪ್ರಶ್ನೆಯೇ ಎಂಬಂತೆ ನೋಡುತ್ತಾರೆ.

"ಆಗ್ತದಲ್ಲಮ್ಮಾ. ದಿನಾ ಆಗ್ತದೆ. ಹೆದರಿಕೆ ಇರೋದಕ್ಕೇ ಅಲ್ವಾ ಇಷ್ಟು ನೋಡಿ ಆರಿಸೋದು?"

ಆಮೇಲೆ ರಾಶಿಯಿಂದ ಮತ್ತೊಂದು ಹಾಳೆ ಎತ್ತಿ, ಮೂಸಿ, ಪ್ರೇಮಾವತಿಯ ಕಡೆ ಚಾಚುತ್ತಾರೆ.