ಮೊದಲು ಕೈ ಮುಗಿ, ಆಮೇಲೆ ಬಟನ್

ಬೆಳಗಿನ ಆರೂಕಾಲು. ಮುಳಬಾಗಿಲಿನ ಶಾಲೆಯೊಂದರ ಸಭಾಂಗಣದಲ್ಲಿ ಗಂಗಾಲಕ್ಷ್ಮಿ ಎಂಟಡಿ ಉದ್ದದ ಮೇಜಿನ ನಡುವೆ ಗೋಲಿಯೊಂದನ್ನಿಟ್ಟು ಕೈಕಟ್ಟಿ ನಿಂತಿದ್ದಾರೆ. ಗೋಲಿ ಎಡಕ್ಕೆ ಉರುಳುತ್ತದೆ. ಅವರು ಗೊಣಗುತ್ತ ಕೂತು ಮೇಜಿನ ಕಾಲಿನಡಿ ರಟ್ಟಿನ ಚೂರು ತುರುಕುತ್ತಾರೆ. ಈ ಸಲ ಗೋಲಿ ನಿಲ್ಲುತ್ತದೆ. ಇನ್ನು ಮೂರು ಮೇಜು ಬಾಕಿ. ನಿರ್ಣಾಯಕರು ಬರುವುದು ಒಂಬತ್ತಕ್ಕೆ, ತಿಂಡಿ ಮುಗಿಸಿಕೊಂಡು.

ಮಕ್ಕಳ ರೋಬೋ ಸ್ಪರ್ಧೆ ಇಂದು. ಮೇಜಿನ ಮೇಲೆ ರೋಬೋ ತಾನಾಗಿ ಓಡಿ, ಅಲ್ಲಿಟ್ಟ ಆಟಿಕೆಗಳನ್ನು ತಳ್ಳುವ, ಎತ್ತುವ ಕೆಲಸ ಮಾಡಿ ಮರಳಬೇಕು. ಹದಿನಾರು ತಂಡ, ಪ್ರತಿ ತಂಡಕ್ಕೆ ಮೂರು ಸುತ್ತು, ಸುತ್ತಿಗೆ ಎರಡೂವರೆ ನಿಮಿಷ. ಪ್ರತಿ ಸುತ್ತಿನ ನಂತರ ಮೇಜಿನ ಇಪ್ಪತ್ತಮೂರು ಆಟಿಕೆಗಳನ್ನು ಮೊದಲಿನ ಜಾಗಕ್ಕೇ ಇಡುವುದು ಗಂಗಾಲಕ್ಷ್ಮಿಯವರ ಕೆಲಸ. ಮಧ್ಯಾಹ್ನದವರೆಗೆ ಕೂರಲು ಪುರುಸೊತ್ತಿಲ್ಲ.

ಬೈರಕೂರಿನ ಕಡೆಯ ಪ್ರೌಢಶಾಲೆಯಲ್ಲಿ ಅವರು ಅಟೆಂಡರ್. ವಯಸ್ಸು ಐವತ್ತೆರಡು, ಎಸ್ಸೆಸ್ಸೆಲ್ಸಿ ಪಾಸು. ನಾಲ್ಕು ವರ್ಷದ ಹಿಂದೆ ಶಾಲೆಗೆ ರೋಬೋ ಪೆಟ್ಟಿಗೆ ಬಂತು, ಮರುತಿಂಗಳೇ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಯಿತು. ಪೆಟ್ಟಿಗೆಯೂ ಇಂಗ್ಲಿಷಿನ ನಿಯಮ ಪುಸ್ತಕವೂ ಇವರ ತಲೆಗೆ ಬಿದ್ದವು. ಮಕ್ಕಳಿಂದ ಸಾಲುಸಾಲಾಗಿ ಅರ್ಥ ಹೇಳಿಸಿಕೊಂಡು ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಈಗ ಜಿಲ್ಲೆಯಲ್ಲಿ ಆ ನಿಯಮಗಳನ್ನು ಅವರಷ್ಟು ಬಲ್ಲವರನ್ನು ನಾನಂತೂ ನೋಡಿಲ್ಲ. ಕಳೆದ ತಿಂಗಳವರೆಗೂ ಮೇಜಿನ ಬಳಿ ನಿಂತು ತೀರ್ಪು ಕೊಡುತ್ತಿದ್ದವರೂ ಅವರೇ. ಅಂಕದ ಹಾಳೆಗೆ ಸಹಿ ಹಾಕುತ್ತಿದ್ದವರು ಮಾತ್ರ ಬೇರೆಯವರು.

ಮುಖ್ಯ ನಿಯಮ ಎರಡೇ. ಹೊರಡುವಾಗ ರೋಬೋ ಮೂಲೆಯ ಗೆರೆಯೊಳಗೆ ಪೂರ್ತಿ ಇರಬೇಕು. ಹೊರಟ ಮೇಲೆ ಪೂರ್ತಿ ಒಳಗೆ ಮರಳುವ ತನಕ ಯಾರೂ ಮುಟ್ಟಬಾರದು. ಮುಟ್ಟಿದರೆ ತಂಡಕ್ಕೆ ಮೊದಲೇ ಕೊಟ್ಟಿರುವ ಆರು ಅಂಕದ ಬಿಲ್ಲೆಗಳಲ್ಲಿ ಒಂದು ಹೋಯಿತು, ಅದರ ಅಂಕವೂ ಹೋಯಿತು.

ಇಷ್ಟು ಸರಳವಾದದ್ದನ್ನು ನಾವು ಹೇಗೆ ಪಾಲಿಸುತ್ತೇವೆ ನೋಡಿ. ಒಂದು ತಂಡ ರೋಬೋಗೆ ಚೆಂಡುಹೂವು ಸಿಕ್ಕಿಸುತ್ತದೆ, ಹೂವು ಗೆರೆಯಾಚೆ ಇಣುಕುತ್ತದೆ. ಇನ್ನೊಂದು ತಂಡ ಬಣ್ಣ ಗುರುತಿಸುವ ಕಣ್ಣಿಗೇ ಕುಂಕುಮ ಹಚ್ಚಿ, ರೋಬೋ ದಾರಿ ತಪ್ಪಿತೆಂದು ಅಳುತ್ತದೆ. ಚಕ್ರದಡಿ ನಿಂಬೆಹಣ್ಣಿಟ್ಟವರೂ ಇದ್ದಾರೆ. ರಸದಲ್ಲಿ ಚಕ್ರ ಜಾರಿ ಅದು ನಿಂತಲ್ಲೇ ಗಿರಗಿರ ತಿರುಗಿತಂತೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಕೈಯ ಅಭ್ಯಾಸ. ಬಟನ್ ಒತ್ತಿದ ಮೇಲೆ, ಓಡುತ್ತಿರುವ ರೋಬೋವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು.

"ಮೊದಲು ಕೈ ಮುಗಿ, ಆಮೇಲೆ ಬಟನ್ ಒತ್ತು ಅಂತ ಬಾಯಿ ನೋಯೋ ಹಂಗೆ ಹೇಳ್ತೀನಿ ಸಾರ್. ದೇವ್ರೇನು ಅರ್ಧ ನಿಮಿಷ ಮುಂಚೆ ಮುಗಿದ್ರೆ ಬೇಡ ಅಂತಾನಾ?" ಎಂದು ಗಂಗಾಲಕ್ಷ್ಮಿ ಕೇಳುತ್ತಾರೆ.

ಕಳೆದ ತಿಂಗಳು ಮಾಲೂರಿನಲ್ಲಿ ಶ್ರೀನಿವಾಸಪುರದ ಖಾಸಗಿ ಶಾಲೆಯೊಂದರ ರಜನಿ ಎಂಬ ಹುಡುಗಿ ಹಾಗೆ ಮುಟ್ಟಿದಳು. ರೋಬೋ ಗೆರೆ ದಾಟಿತ್ತು. ಬಿಲ್ಲೆ ಹೋಯಿತು, ತಂಡ ಎರಡನೆಯ ಸ್ಥಾನಕ್ಕಿಳಿಯಿತು. ಮುಖ್ಯೋಪಾಧ್ಯಾಯ ಚನ್ನರಾಯಪ್ಪನವರು ಎರಡು ಪುಟದ ಅರ್ಜಿ ಬರೆದರು: ಮಗುವಿನ ಭಕ್ತಿಗೆ ಅಟೆಂಡರೊಬ್ಬಳು ದಂಡ ಹಾಕಿದ್ದಾಳೆ, ಆಕೆಯನ್ನು ತೆಗೆಯಬೇಕು. ಆಯೋಜಕರು ತೆಗೆದೂಬಿಟ್ಟರು. ಇವತ್ತು ಆಟಿಕೆ ಜೋಡಿಸುವುದಷ್ಟೇ ಇವರ ಪಾಲು. ಶನಿವಾರ ಕೋಲಾರದ ಜಿಲ್ಲಾ ಸುತ್ತಿನಲ್ಲಿ ಅದೂ ಉಂಟೋ ಇಲ್ಲವೋ. ಆ ಅರ್ಜಿಯ ಪ್ರತಿ ಓದುತ್ತ ನನಗೇ ಮೈ ಉರಿಯಿತು.

ಈಗ ನಿರ್ಣಾಯಕರು ಉಪನ್ಯಾಸಕ ಅಮರನಾಥ್. ಒಳ್ಳೆಯವರು, ಆದರೆ ಪ್ರತಿ ಎರಡನೇ ಪ್ರಶ್ನೆಗೂ ಗಂಗಾಲಕ್ಷ್ಮಿಯವರತ್ತ ತಿರುಗುತ್ತಾರೆ.

ಕೊನೆಯ ಸುತ್ತಿನಲ್ಲಿ ಮತ್ತೆ ರಜನಿಯ ತಂಡ. ಹುಡುಗಿ ಮೊದಲು ಕೈ ಮುಗಿದು, ಆಮೇಲೆ ಬಟನ್ ಒತ್ತಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ರೋಬೋ ಕೆಲಸ ಮುಗಿಸಿ ಮರಳುತ್ತ ಗೆರೆಯ ಮೇಲೆ ತೆವಳುತ್ತದೆ. ಹತ್ತು ಸೆಕೆಂಡು ಉಳಿದಿದೆ. ಪೋಷಕರು ಕನ್ನಡದಲ್ಲಿ ಹಿಡ್ಕೋ, ತೆಲುಗಿನಲ್ಲಿ ಪಟ್ಕೋ ಎಂದು ಕಿರುಚುತ್ತಾರೆ. ಹುಡುಗಿ ಅಲುಗುವುದಿಲ್ಲ. ಹಿಂದಿನ ಚಕ್ರ ಒಳಗೆ ಬರುತ್ತದೆ, ಗಂಟೆ ಹೊಡೆಯುತ್ತದೆ, ಆಗ ಅವಳು ರೋಬೋ ಎತ್ತಿ ಎದೆಗವಚಿಕೊಳ್ಳುತ್ತಾಳೆ.

ಅಮರನಾಥ್ ಆ ಕ್ಷಣ ಪಕ್ಕದ ಮೇಜಿನ ಜಗಳ ಬಿಡಿಸುತ್ತಿದ್ದರು. ಎದುರಾಳಿಗಳು ಚಕ್ರ ಹೊರಗಿತ್ತು ಎನ್ನುತ್ತಾರೆ. ರೋಬೋ ಮೇಜಿನ ಮೇಲಿಲ್ಲ, ಪುರಾವೆ ಏನೂ ಉಳಿದಿಲ್ಲ. ಚನ್ನರಾಯಪ್ಪನವರೇ ಜನರನ್ನು ಸರಿಸಿಕೊಂಡು ಬಂದು, ನೀವು ನೋಡಿದ್ದೀರಲ್ಲಮ್ಮ, ಹೇಳಿ ಎಂದು ಗಂಗಾಲಕ್ಷ್ಮಿಯವರನ್ನು ಕೇಳುತ್ತಾರೆ. ಮೊದಲು ಆ ಅರ್ಜಿ ವಾಪಸ್ ತಗೊಳ್ಳಿ ಅನ್ನಲಿ ಎಂದು ನಾನು ಹಲ್ಲು ಕಚ್ಚಿ ಕಾಯುತ್ತೇನೆ.

"ಪೂರ್ತಿ ಒಳಕ್ಕೆ ಬಂತು ಸಾರ್. ಆಮೇಲೇ ಗಂಟೆ ಹೊಡೀತು" ಎನ್ನುತ್ತಾರೆ ಅವರು, ಅಷ್ಟೇ.

ಅಮರನಾಥ್ ಹಾಳೆಯನ್ನು ಅವರತ್ತ ತಿರುಗಿಸಿ, ನೋಡಿದವರೇ ಸಹಿ ಹಾಕಬೇಕು ಎಂದು ಪೆನ್ನು ಕೊಡುತ್ತಾರೆ. ನಿರ್ಣಾಯಕರ ಜಾಗದಲ್ಲಿ ಗಂಗಾಲಕ್ಷ್ಮಿ ಮೊದಲ ಬಾರಿಗೆ, ನಿಧಾನವಾಗಿ, ಊರಿನ ಹೆಸರನ್ನೂ ಸೇರಿಸಿ ಸಹಿ ಮಾಡುತ್ತಾರೆ. ಚನ್ನರಾಯಪ್ಪನವರು ಹಾಳೆ ನೋಡುತ್ತಾರೆ, ಅರ್ಜಿಯ ಮಾತೆತ್ತುವುದಿಲ್ಲ.

ಜನ ಚದುರಿದ ಮೇಲೆ ನನಗೆ ತಡೆಯಲಾಗಲಿಲ್ಲ. ನಿಮ್ಮ ಮೇಲೆ ಅರ್ಜಿ ಕೊಟ್ಟವರಲ್ಲವೇ, ಒಂದು ಮಾತಾದರೂ ಕೇಳಬಾರದಿತ್ತೇ ಎಂದೆ. ಅವರು ಗೋಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಕರೆದರೂ ಕರೆಯದಿದ್ದರೂ ಶನಿವಾರ ಆರರ ಬಸ್ಸಿಗೆ ಕೋಲಾರಕ್ಕೆ ಹೋಗುತ್ತಾರಂತೆ.

"ಅರ್ಜಿ ಕೊಟ್ಟಿದ್ದು ಮೇಷ್ಟ್ರು" ಎಂದರು. "ಗೆರೆ ಒಳಕ್ಕೆ ಬಂದಿದ್ದು ಗಾಡಿ. ಅದೇನು ಮಾಡ್ತು ಪಾಪ?"