ಬಚ್ಚಲ ಬಾಗಿಲಲ್ಲಿ ಕೂತ ಮೇಸ್ತ್ರಿ

ಕಳೆದ ವಾರ ಶಿವಮೊಗ್ಗದ ಕೋಟೆ ಕಡೆ ಒಂದು ಮನೆಯಲ್ಲಿ ಸ್ವಿಚ್ ಬೋರ್ಡ್ ಕೂರಿಸುತ್ತಿದ್ದೆ. ಪಕ್ಕದ ಕೋಣೆಗೆ ಆಗ ತಾನೇ ಟೈಲ್ಸ್ ಹಾಕಿ ಹೋಗಿದ್ದರು. ಹಸಿ ಸಿಮೆಂಟಿನ ತಣ್ಣನೆ ವಾಸನೆ ಬಂತು. ಮೇಸ್ತ್ರಿ ನೆನಪಾದರು.

ನಾನು ಎಲೆಕ್ಟ್ರಿಷಿಯನ್, ಅವರು ಗಾರೆ ಮೇಸ್ತ್ರಿ. ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಅವರು ಕಟ್ಟಿದ ಗೋಡೆಯನ್ನು ವೈರ್ ಎಳೆಯಲು ನಾನು ಕೊರೆಯಬೇಕು, ಅದಕ್ಕೆ ಬೈಸಿಕೊಳ್ಳಬೇಕು. "ಇಲಿ ಬಂತು ನೋಡ್ರಪ್ಪ" ಎಂದೇ ನನ್ನನ್ನು ಬರಮಾಡಿಕೊಳ್ಳುತ್ತಿದ್ದರು.

ಆಗೊಮ್ಮೆ ಟಿವಿಯವರು ಬಂದರು. ಹಳೇ ಮನೆಯನ್ನು ಮೂರೇ ದಿನದಲ್ಲಿ ಹೊಸದು ಮಾಡಿ ತೋರಿಸುವ ಕಾರ್ಯಕ್ರಮ. ಭದ್ರಾವತಿಯ ನ್ಯೂ ಟೌನ್ ಆಚೆ, ಬಟ್ಟೆ ಹೊಲಿದು ಬದುಕುತ್ತಿದ್ದ ಒಬ್ಬ ಅಮ್ಮನ ಮನೆ ಆರಿಸಿದ್ದರು. ಪಾಚಿ ಕಟ್ಟಿದ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ ಆಕೆ ಕೋಲು ಹಿಡಿದೇ ಓಡಾಡುತ್ತಿದ್ದರು. ಟಿವಿಯವರು ಕೆಲಸಕ್ಕೆ ನಮ್ಮಿಬ್ಬರನ್ನು ಕರೆದರು. ಮೇಸ್ತ್ರಿ ಕಟಿಂಗ್ ಮಾಡಿಸಿಕೊಂಡು, ಹೊಸ ಅಂಗಿ ತೊಟ್ಟು ಬಂದರು. ಟಿವಿಯಲ್ಲಿ ಬರುತ್ತೇನೆಂದು ಬೀದಿಗೆಲ್ಲ ಹೇಳಿಯಾಗಿತ್ತು. ಮೊದಲ ದಿನವೇ ಅವರ ಮಾತು ಚಿತ್ರೀಕರಿಸಿಕೊಂಡರು. ಐದು ಸಲ ಹೇಳಿಸಿದರು, ಐದು ಸಲವೂ ಮೇಸ್ತ್ರಿ ಕೈಮುಗಿದೇ ಶುರು ಮಾಡಿದರು.

ಟಿವಿ ಕೆಲಸದ ವರಸೆಯೇ ಬೇರೆ. ನಿರೂಪಕ ಕರಣೆ ಹಿಡಿದು ಎರಡು ಸಲ ಗಾರೆ ಸವರಿ ಕೈ ತೊಳೆದುಕೊಳ್ಳುತ್ತಿದ್ದ. ಕ್ಯಾಮೆರಾಗೆ ಕಾಣುವ ಗೋಡೆಗೆ ಮೂರು ಕೋಟು ಬಣ್ಣ, ಕಾಣದ್ದಕ್ಕೆ ಒಂದು. ಶಬ್ದವಾಗುತ್ತದೆಂದು ಗಳಿಗೆಗೊಮ್ಮೆ ಕೆಲಸ ನಿಲ್ಲಿಸುತ್ತಿದ್ದರು. ಹೀಗಾಗಿ ಬಚ್ಚಲಿನ ನೆಲಕ್ಕೆ ಟೈಲ್ಸ್ ಬಿದ್ದದ್ದೇ ಕೊನೆಯ ದಿನ ಬೆಳಿಗ್ಗೆ.

ಅವತ್ತು ಮಧ್ಯಾಹ್ನವೇ ಕೊನೆಯ ದೃಶ್ಯ. ಅಮ್ಮ ಹೊಸ ಬಚ್ಚಲಿಗೆ ಕಾಲಿಟ್ಟು ನಲ್ಲಿ ತಿರುಗಿಸಬೇಕು, ನಿರೂಪಕ ಪಕ್ಕದಲ್ಲಿ ನಿಲ್ಲಬೇಕು.

"ನಾಳೆ ತನಕ ಯಾರೂ ಕಾಲಿಡೋ ಹಂಗಿಲ್ಲ ಸಾರ್. ಹಸಿ ಇದೆ. ತುಳಿದ್ರೆ ಟೈಲ್ಸ್ ತಗ್ಗತ್ತೆ, ಅಲ್ಲೇ ನೀರು ನಿಲ್ಲತ್ತೆ, ಮತ್ತೆ ಪಾಚಿ" ಎಂದರು ಮೇಸ್ತ್ರಿ.

ಟಿವಿಯವರು ಅಂದೇ ಹೊರಡಬೇಕಿತ್ತು. ನಿರ್ದೇಶಕ ನನ್ನ ಕಡೆ ತಿರುಗಿದ. "ನೀವ್ ಹೇಳಿ, ಎರಡು ನಿಮಿಷಕ್ಕೆ ಏನಾಗುತ್ತೆ?"

ಅಷ್ಟು ವರ್ಷ ಜೊತೆಗಿದ್ದವನಿಗೆ ಏನಾಗುತ್ತದೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಲೈಟು ಹಾಕುವ ದೃಶ್ಯದಲ್ಲಿ ನಿನ್ನನ್ನೂ ನಿಲ್ಲಿಸುತ್ತೇವೆ ಎಂದು ಆತ ಆಗಷ್ಟೇ ಹೇಳಿದ್ದ. "ಏನೂ ಆಗಲ್ಲ ಸಾರ್" ಎಂದುಬಿಟ್ಟೆ.

ಮೇಸ್ತ್ರಿ ನನ್ನನ್ನು ಒಮ್ಮೆ ನೋಡಿದರು. ಬೈಯಲಿಲ್ಲ... ಬಚ್ಚಲ ಬಾಗಿಲಿಗೆ ಅಡ್ಡವಾಗಿ ಹಲಗೆ ಇಟ್ಟು ಅದರ ಮೇಲೆ ಕೂತರು.

"ಹೋಗ್ಲಿ ಬಿಡಿ ಮೇಸ್ತ್ರಿ, ಪಾಪ ಇಷ್ಟೆಲ್ಲ ಮಾಡಿದಾರೆ" ಎಂದು ಆ ಅಮ್ಮನೇ ಸಂಕೋಚಪಟ್ಟರು.

"ಇವರು ಸಂಜೆ ಗಾಡಿ ಹತ್ತಿ ಹೋಗ್ತಾರೆ ಅಮ್ಮಾ. ಇಲ್ಲಿ ಬೀಳೋರು ನೀವು."

ನಿಮ್ಮ ಮಾತೆಲ್ಲ ಕಾರ್ಯಕ್ರಮದಿಂದ ತೆಗೆದುಹಾಕುತ್ತೇನೆ ಎಂದ ನಿರ್ದೇಶಕ. "ತೆಗೀರಿ" ಎಂದರು ಮೇಸ್ತ್ರಿ. ಕೊನೆಗೆ ಅಮ್ಮನನ್ನು ಹೊರಗೇ ನಿಲ್ಲಿಸಿ ಚಪ್ಪಾಳೆ ತಟ್ಟಿಸಿ ಮುಗಿಸಿದರು.

ಕಾರ್ಯಕ್ರಮ ಬಂದ ದಿನ ಮೇಸ್ತ್ರಿ ಮನೆಯಲ್ಲಿ ಬೀದಿಯೇ ಸೇರಿತ್ತು. ನಿರ್ದೇಶಕ ಸುಮ್ಮನೆ ಹೆದರಿಸಿರಬಹುದು ಎಂದು ಅವರಿಗೆ ಆಸೆಯಿತ್ತೋ ಏನೋ... ಅವರ ಹೆಂಡತಿ ಎಲ್ಲರಿಗೂ ಮಂಡಕ್ಕಿ ಕೊಟ್ಟರು. ನಿರೂಪಕ ಬಂದ, ಕರಣೆ ಬಂತು, ಹಲ್ಲು ಕಿರಿದು ಸ್ವಿಚ್ ಒತ್ತುತ್ತಾ ನಾನೂ ಬಂದೆ. ಮೇಸ್ತ್ರಿ ಬರಲೇ ಇಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಮಾತ್ರ ಟಿವಿ ಕಡೆ ಕೈ ತೋರಿಸಿ, "ಅಲ್ನೋಡ್ರೋ ಮಾರಾಯ್ರ, ಆ ಮೂಲೆ ಜಾಯಿಂಟು ಎಷ್ಟು ನೇರ ಬಂದಿದೆ" ಎಂದರು.

ಮರುವಾರ ಯಥಾಪ್ರಕಾರ ಕೆಲಸಕ್ಕೆ ಕರೆದರು. ಇಲಿ ಎಂದೇ ಕರೆದರು. ತಪ್ಪಾಯಿತು ಎನ್ನಲು ಒಂದೊಳ್ಳೆ ಹೊತ್ತು ನೋಡುತ್ತಾ ವರ್ಷಗಳನ್ನೇ ತಳ್ಳಿದೆ. ಹೋದ ವರ್ಷ ಜ್ವರ ಎಂದು ಮಲಗಿದವರು ಮತ್ತೆ ಏಳಲಿಲ್ಲ.

ಕಳೆದ ವಾರ ಆ ಕೆಲಸ ಮುಗಿಸಿ, ಎಷ್ಟೋ ತಿಂಗಳ ಮೇಲೆ ಅವರ ಮನೆಗೆ ಹೋದೆ. ಕನಿಷ್ಠ ಅವರ ಹೆಂಡತಿಯ ಹತ್ತಿರವಾದರೂ ಹೇಳಿಬಿಡೋಣ ಎಂದುಕೊಂಡಿದ್ದೆ. ಮನೆಗೆ ಅವರ ತಂಗಿ ಬಂದಿದ್ದರು. ನನ್ನ ಕೈಗೆ ಟೀ ಕೊಡುತ್ತಾ ಅಕ್ಕ ತಂಗಿಗೆ ಹೇಳಿದರು: "ಇವನೇ ಕಣೆ ನಮ್ಮೋರ ಎಲೆಕ್ಟ್ರಿಷಿಯನ್. ಟಿವಿಯೋರು ಜಗಳಕ್ಕೆ ಬಂದಾಗ ಅಷ್ಟು ಜನದಲ್ಲಿ ಇವನೊಬ್ಬನೇ ಇವರ ಪರವಾಗಿ ಮಾತಾಡಿದ್ದಂತೆ. ಸಾಯೋ ತನಕ ಅದನ್ನೇ ಹೇಳ್ತಿದ್ರು."

ಲೋಟ ಕೈಯಲ್ಲಿ ಸುಡುತ್ತಿತ್ತು. ಇಲ್ಲ ಎಂದರೆ ಮೇಸ್ತ್ರಿಯೇ ತಮ್ಮ ಹೆಂಡತಿಗೆ ಸುಳ್ಳು ಹೇಳಿದವರಾಗುತ್ತಾರೆ.

"ಹೌದಕ್ಕ" ಎಂದೆ.