ಅರ್ಧ ಸುತ್ತು ಸಡಿಲ

ಅವರ ಬಲಗೈಯ ಮೂರು ಬೆರಳುಗಳ ತುದಿ ಅರಿಶಿನ ಅರೆದು ಎದ್ದವರ ಹಾಗೆ ಹಳದಿಯಾಗಿತ್ತು. ಸೋಪಿಗೆ ಹೋಗುವ ಹಳದಿಯಲ್ಲ. ಮುಂಬಯಿ ಉಪನಗರದ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸಕ್ಕೆ ಸಂದರ್ಶನವಿದ್ದ ದಿನ, ಹೊರಗಿನ ಬೆಂಚಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಕನ್ನಡ ಕಿವಿಗೆ ಬಿದ್ದು ಅಲ್ಲಿನ ಲ್ಯಾಬ್ ಅಟೆಂಡೆಂಟ್ ಹತ್ತಿರ ಬಂದರು. ಆ ಬೆರಳುಗಳನ್ನು ನನ್ನ ಮುಂದೆ ಹಿಡಿದರು.

"ನಮ್ಮ ಕಡೆಯವಳಾ? ಹಾಗಾದ್ರೆ ಹೇಳು. ಇದು ನೈಟ್ರಿಕ್ ಬಿದ್ದದ್ದು. ಹಳದಿಯೇ ಯಾಕೆ ಆಗೂದು? ಹಸಿರು ಯಾಕಲ್ಲ?"

ಚರ್ಮದ ಪ್ರೋಟೀನಿಗೆ ಆಮ್ಲ ತಗುಲಿ ಆಗುವ ಬಣ್ಣ ಎಂದೆ. ಅವರು ತಮ್ಮ ಬೆರಳನ್ನು ಮೊದಲ ಸಲ ಕಂಡವರಂತೆ ತಿರುಗಿಸಿ ನೋಡಿದರು.

"ಮೂವತ್ತು ವರ್ಷ ಆಯ್ತು ಮಾರಾಯ್ತಿ, ಯಾರೂ ಹೇಳ್ಲಿಲ್ಲ! ಹೋಗು, ನಿಂಗೆ ಈ ಕೆಲಸ ಸಿಗ್ತದೆ."

ಒಳಗೆ ಮೊದಲ ಪ್ರಶ್ನೆಯೇ, ನೈಟ್ರಿಕ್ ಆಮ್ಲಕ್ಕೆ ಆಲ್ಕೋಹಾಲ್ ಬೆರೆತರೆ ಏನಾಗುತ್ತದೆ? ಬೋರ್ಡಿನ ಮೇಲೆ ತಪ್ಪಿಲ್ಲದೆ ಸಮೀಕರಣ ಬರೆದೆ. ಕೆಲಸ ಸಿಕ್ಕಿತು.

ಎಲ್ಲರಂತೆ ನಾನೂ ಅವರನ್ನು ಮಾಮಾ ಎಂದೆ. ಕುಂದಾಪುರದ ಕಡೆಯಿಂದ ಹತ್ತನೆಯ ತರಗತಿ ಮುಗಿಸಿ ಬಂದು ಬೈಕುಲ್ಲಾದ ಚಾಳಿನ ಒಂದು ಬಾಡಿಗೆ ಕೋಣೆಯಲ್ಲಿ ನೆಲೆಸಿದವರು. ಚಹಾದ ಹೊತ್ತಿಗೆ ಅವರದೊಂದು 'ಯಾಕೆ' ಇದ್ದೇ ಇರುತ್ತಿತ್ತು. ಐಸಿಗೆ ಉಪ್ಪು ಹಾಕಿದರೆ ಇನ್ನೂ ತಂಪಾಗೂದು ಯಾಕೆ? ನನಗೆ ತಿಳಿಯದಿದ್ದರೆ ಅವರಿಗೆ ಹೆಚ್ಚು ಖುಷಿ. "ಥಿಯರಿ ನಿನ್ನ ಕೆಲಸ. ನೋಡ್ಕೊಂಡು ಬಾ, ನಾಳೆ ಹೇಳು."

ಅವರ ಒಂದು ಅಭ್ಯಾಸ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಬಳಸಿ ಉಳಿದ ರಾಸಾಯನಿಕಗಳ ಬಾಟಲಿಗೆ ಅವರು ಮುಚ್ಚಳ ಬಿಗಿಯುತ್ತಿರಲಿಲ್ಲ, ಅರ್ಧ ಸುತ್ತು ಸಡಿಲ ಬಿಡುತ್ತಿದ್ದರು. ಕೇಳಿದರೆ, "ಅದಕ್ಕೂ ಉಸಿರು ಬೇಡ್ವಾ?" ಓದದವರ ಅಸಡ್ಡೆ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ, ಗಾಜಿನ ಸಾಮಾನು ತೊಳೆದು ಉಳಿದ ಆಲ್ಕೋಹಾಲನ್ನು ಚೀಟಿ ಓದದೆ ಅಂಥದೊಂದು ಬಾಟಲಿಗೆ ಸುರಿದೆ. ಅಚ್ಚುಕಟ್ಟಾಗಿರಲೆಂದು ಮುಚ್ಚಳವನ್ನೂ ಗಟ್ಟಿಯಾಗಿ ತಿರುಗಿಸಿದೆ. ಒಳಗಿದ್ದದ್ದು ನೈಟ್ರಿಕ್ ಆಮ್ಲ. ಸ್ವಲ್ಪ ಹೊತ್ತಿಗೆ ಬಾಟಲಿಯಲ್ಲಿ ಕಂದು ಹೊಗೆ ತುಂಬಿತು. ನೋಡುತ್ತ ನಿಂತೆ. ಸಂದರ್ಶನದಲ್ಲಿ ಬರೆದ ಸಮೀಕರಣ ಇಡಿಯಾಗಿ ನೆನಪಾಯಿತು, ಕಾಲು ಮಾತ್ರ ಕದಲಲಿಲ್ಲ. ಆ ಕ್ಷಣಗಳನ್ನು ಇವತ್ತಿಗೂ ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುತ್ತೇನೆ.

"ಹೊರಗೆ ಓಡೇ!" ಮಾಮಾ ನನ್ನನ್ನು ಬಾಗಿಲಾಚೆ ತಳ್ಳಿದರು. ಆಮೇಲೆ ಸದ್ದು.

ಪರೇಲಿನ ಆಸ್ಪತ್ರೆಯಲ್ಲಿ ಅವರ ಬೆನ್ನು, ತೋಳುಗಳಿಂದ ಗಾಜಿನ ಚೂರು ತೆಗೆದರು. ಮೂರನೆಯ ದಿನ, ಮುಚ್ಚಳ ಬಿಗಿದವಳು ನಾನೇ ಎಂದು ಹೇಳಿ ಬೈಗುಳಕ್ಕೆ ಕಾದೆ.

"ಗೊತ್ತುಂಟು. ಅದಿರ್ಲಿ, ಅದು ಒಡೆದದ್ದು ಯಾಕೆ?"

ಅನಿಲ ಹುಟ್ಟುತ್ತದೆ, ಬಿಸಿ ಏರುತ್ತದೆ, ಹೊರಬರಲು ದಾರಿಯಿರುವುದಿಲ್ಲ ಎಂದು ವಿವರಿಸಿದೆ. ಅವರ ಕಣ್ಣು ಅರಳಿತು. "ನಾನು ಹೇಳಿದ್ದೂ ಅದೇ ಆಯ್ತಲ್ಲ, ಉಸಿರು!" ನಕ್ಕು, ಹೊಲಿಗೆ ಎಳೆದು ಮುಖ ಕಿವಿಚಿದರು. ಮತ್ತೆ ಕೇಳಿದರು, "ಇಷ್ಟೆಲ್ಲ ಗೊತ್ತಿದ್ದೂ ನೀನು ಓಡ್ಲಿಲ್ಲ. ಯಾಕೆ?"

ನಾನು ಅವರ ಹೊದಿಕೆಯ ಅಂಚು ಸರಿಪಡಿಸತೊಡಗಿದೆ.

"ನೋಡ್ಕೊಂಡು ಬಾ, ನಾಳೆ ಹೇಳು."

ನಿವೃತ್ತರಾಗಿ ಊರಿಗೆ ಹೋದ ಮಾಮಾ ಕಳೆದ ವರ್ಷ ತೀರಿಕೊಂಡರು. ಈಗ ಅದೇ ಕೋಣೆಯಲ್ಲಿ ಹೊಸಬರನ್ನು ಆರಿಸುವವರ ಸಾಲಿನಲ್ಲಿ ನಾನೂ ಕೂರುತ್ತೇನೆ. ಸಮೀಕರಣ ಸರಿಯಾಗಿ ಬರೆದವರನ್ನು ಲ್ಯಾಬಿಗೆ ಕರೆದೊಯ್ದು, ಬಾಟಲಿಯೊಂದರ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಟ್ಟು, ಅವರು ಯಾಕೆ ಎಂದು ಕೇಳುವುದನ್ನೇ ಕಾಯುತ್ತೇನೆ. ಕೇಳಿದವರಿಗೆ ಉತ್ತರ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಮಾಮಾ ಕೇಳಿದ್ದಕ್ಕೆ ಮಾತ್ರ ಉತ್ತರ ಇನ್ನೂ ನೋಡಿಕೊಂಡು ಬರಲಾಗಿಲ್ಲ.